ಕೊಬ್ಬರಿ ವಾಸನೆಯ ಗೊಬ್ಬರ

ಇವತ್ತು ಮಧ್ಯಾಹ್ನ ನನ್ನ ಹೆಂಡತಿ ಚಟ್ನಿಪುಡಿಗೆಂದು ಒಣಕೊಬ್ಬರಿ ತುರಿಯುತ್ತಿದ್ದಳು. ವಾಸನೆ ಪಡಸಾಲೆಗೆ ಬಂದದ್ದೇ ನಾನು ಎದ್ದು ಅಂಗಳಕ್ಕೆ ಹೋದೆ. ಇದು ನಮ್ಮ ಮನೆಯ ಹಳೆಯ ತಮಾಷೆ. ಕಾರಣ ಮಾತ್ರ ಯಾರಿಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ. ನಗಬೇಡಿ ಎನ್ನುವುದಿಲ್ಲ, ನೀವು ನಕ್ಕರೆ ನನಗೂ ಕೊಂಚ ಧೈರ್ಯ ಬಂದೀತು.

ಆಗ ನಾನು ಕೂಡ್ಲಿಗಿಯಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಕೃಷಿ ಡಿಪ್ಲೊಮಾ ಓದಿದವನೆಂಬ ಜಂಬ ಬೇರೆ. ದೆವ್ವ ಎಂದು ಯಾರಾದರೂ ಬಾಯಿ ತೆರೆದರೆ ಅವರಿಗೆ ಬುದ್ಧಿ ಹೇಳದೆ ಬಿಡುತ್ತಿರಲಿಲ್ಲ. ಕಾನಹೊಸಹಳ್ಳಿಯ ಆಚೆ ನನ್ನ ದೊಡ್ಡವ್ವನ ಟೊಮೆಟೊ ಹೊಲವಿತ್ತು. ದೊಡ್ಡಪ್ಪ ತೀರಿಕೊಂಡು ವರ್ಷವಾಗಿತ್ತು; ಅವರ ಸಮಾಧಿ ಆ ಹೊಲದಲ್ಲೇ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಪತ್ರೆಗಳ ನಡುವೆ ಕೂರಿಸಿ ಹೂಳುತ್ತೇವೆ. ಹಾಗಾಗಿ ದೊಡ್ಡವ್ವನ ಮಟ್ಟಿಗೆ ಅವರು ಎಲ್ಲಿಗೂ ಹೋಗಿರಲಿಲ್ಲ, ಹೊಲದಲ್ಲಿ ಕೂತಿದ್ದರು, ಅಷ್ಟೇ. ದಿನಾ ಬೆಳಿಗ್ಗೆ ಸಮಾಧಿಗೆ ಒಂದು ಕೊಡ ನೀರು ಸುರಿದು, ಊರ ಸುದ್ದಿಯೆಲ್ಲ ಹೇಳಿ, ಆಮೇಲೆ ಕೆಲಸಕ್ಕೆ ತೊಡಗುತ್ತಿದ್ದಳು.

ಆ ಸಮಾಧಿಯ ಸುತ್ತಲೇ ಗಿಡ ಸಾಯತೊಡಗಿದವು. ಬೆಳಿಗ್ಗೆ ಹಸಿರಾಗಿದ್ದ ಗಿಡ ಮಧ್ಯಾಹ್ನಕ್ಕೆ ತಲೆ ಬಾಗಿಸಿ ನಿಲ್ಲುತ್ತಿತ್ತು. ಎಲೆಯಲ್ಲಿ ಹುಳವಿಲ್ಲ, ಬುಡದಲ್ಲಿ ನೀರಿನ ಕೊರತೆಯಿಲ್ಲ. ಒಂದು ಸುತ್ತು ಮುಗಿಯಿತೆಂದರೆ ಅದರಾಚೆಯ ಸುತ್ತು. ಕೂಲಿಗೆ ಬರುತ್ತಿದ್ದ ಹೆಣ್ಣುಮಕ್ಕಳು ಬರುವುದನ್ನು ಬಿಟ್ಟರು. ದೊಡ್ಡವ್ವನ ಮೈದುನ ಒಂದು ದಿನ ಬದುವಿನ ಮೇಲೇ ನಿಂತು, ಒಳಗೆ ಕಾಲಿಡದೆ ಹೇಳಿದ:

“ಅಣ್ಣ ಬೇರಿನಾಗಿಂದ ಜೀವ ಹೀರಾಕ ಹತ್ಯಾನ, ಅತ್ತಿಗಿ. ಮುಂದಿನ ನಾಟಿಗೂ ಹಿಂಗ ಆತಂದ್ರ ನೋಡ್ರಿ, ಸಮಾಧಿ ಎತ್ತಿ ಹಳ್ಳದ ದಂಡಿಗೆ ಇಡೋದ.”

ದೊಡ್ಡವ್ವ ಅವತ್ತೇ ಬಸ್ಸು ಹತ್ತಿ ಸೀದಾ ಅಂಗಡಿಗೆ ಬಂದಳು. “ಲೇ ತಮ್ಮಾ, ಅವರು ಬದುಕಿದ್ದಾಗ ಒಂದು ಗಿಡಕ್ಕೂ ಬೈದವರಲ್ಲ. ಅವರು ಹಂಗ ಮಾಡ್ತಾರೇನೋ?” ಎಂದಳು. ಅವಳಿಗೇ ಅನುಮಾನ ಹತ್ತಿತ್ತು. ಅದನ್ನು ಕಂಡು ಅವಳ ಜೊತೆಯಲ್ಲೇ ಬಸ್ಸು ಹತ್ತಿದೆ.

ಹೊಲಕ್ಕೆ ಹೋಗಿ ಒಂದು ಗಿಡ ಕಿತ್ತು ಕಾಂಡ ಸೀಳಿದೆ. ಒಳಗೆಲ್ಲ ಕಂದು ಗೀರು. ಮಣ್ಣಿನಿಂದ ಬರುವ ಸೊರಗು ರೋಗ, ಅದರಲ್ಲಿ ಸಂಶಯವಿರಲಿಲ್ಲ. ಆದರೆ ಸಮಾಧಿಯ ಸುತ್ತಲೇ ಏಕೆ? ಹಿಂಬದಿಗೆ ಹೋಗಿ ನೋಡಿದರೆ ಸತ್ತ ಗಿಡಗಳ ಒಂದು ರಾಶಿ.

“ಇಲ್ಲಿ ಯಾರು ಹಾಕಿದ್ರು ದೊಡ್ಡವ್ವ?”

“ನಾನ. ಕಿತ್ತಿದ್ದೆಲ್ಲಾ ತಂದು ಅವರಿಗೆ ತೋರಸ್ತೀನಿ. ‘ನೋಡ್ರಿ, ಇವತ್ತ ಇಷ್ಟು ಹೋದುವು’ ಅಂತ. ಹೊಲದ ಯಜಮಾನ್ರಿಗೆ ಹೇಳಬ್ಯಾಡೇನು?”

ರೋಗದ ಗಿಡ ಅಲ್ಲಿ ಕೊಳೆಯುತ್ತಿತ್ತು. ದಿನದ ಆ ಒಂದು ಕೊಡ ನೀರು ರೋಗವನ್ನು ಸುತ್ತಲಿನ ಸಾಲುಗಳಿಗೆ ಒಯ್ಯುತ್ತಿತ್ತು. ಇದನ್ನು ಅವಳಿಗೆ ಹೇಳಿದೆ. ಅವಳು ಸಮಾಧಿಯ ಕಡೆ ತಿರುಗಿದಳು. “ಹಂಗಾರ ತಪ್ಪು ನಂದು. ಅವರದಲ್ಲ,” ಎಂದಳು. ಆ ದನಿಯಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಾಗಿತ್ತು.

ಸತ್ತ ಗಿಡಗಳನ್ನೆಲ್ಲ ಸುಟ್ಟೆವು. ಸಮಾಧಿಗೆ ಸುರಿಯುವ ನೀರು ಕೊಡದಿಂದ ತಂಬಿಗೆಗೆ ಇಳಿಯಿತು. ಬೇವಿನ ಮರದ ನೆರಳಲ್ಲಿ ಕೊಟ್ಟಿಗೆ ಗೊಬ್ಬರ ಒಟ್ಟಿ, ಬೇವಿನ ಹಿಂಡಿ, ಬೆಲ್ಲದ ನೀರು, ಟ್ರೈಕೋಡರ್ಮಾ ಪುಡಿ ಬೆರೆಸಿ ಹಸಿ ಗೋಣಿತಟ್ಟು ಹೊದಿಸಿದೆ. ಆ ಪುಡಿಯಲ್ಲಿರುವುದನ್ನು ಪುಸ್ತಕದವರು ಶಿಲೀಂಧ್ರ ಎನ್ನುತ್ತಾರೆ, ನಾವು ಬೂಷ್ಟು ಎಂದರೆ ಸಾಕು. ಮಣ್ಣಲ್ಲಿ ಹರಡಿ, ಸೊರಗು ತರುವ ಕೆಟ್ಟ ಬೂಷ್ಟನ್ನು ತಿನ್ನುವ ಒಳ್ಳೆಯ ಬೂಷ್ಟು.

ಹದಿನೈದನೆಯ ದಿನ. ಸುಡು ಮಧ್ಯಾಹ್ನ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ದೊಡ್ಡವ್ವನ ಎದುರಿಗೆ ತಟ್ಟು ಎತ್ತಿದೆ. ರಾಶಿಯ ಮೇಲೆಲ್ಲ ಹಸಿರು ಬೂಷ್ಟು. ಕೈಯಿಟ್ಟರೆ ಜೀವವಿರುವ ಮೈಯಂತೆ ಬೆಚ್ಚಗಿತ್ತು. ಒಳಗಿನಿಂದ ಗಮ್ಮೆಂದು ಕೊಬ್ಬರಿಯ ವಾಸನೆ ಬಂತು.

ದೊಡ್ಡಪ್ಪನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಕೊಬ್ಬರಿ ಚೂರು ಇರುತ್ತಿತ್ತು. ಅವರಿಗಿಂತ ಮೊದಲು ಆ ವಾಸನೆ ಮನೆಯೊಳಗೆ ಬರುತ್ತಿತ್ತು. ಈ ಬೂಷ್ಟಿಗೆ ಅಂಥ ವಾಸನೆ ಇರುವುದುಂಟೆಂದು ನಾನು ಓದಿದ್ದೆ. ಓದಿದ್ದು ನೆನಪಾಗುವ ಮೊದಲೇ ಬೆನ್ನು ತಣ್ಣಗಾಗಿತ್ತು. ದೊಡ್ಡವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಗಂಡ ಬಂದಾಗ ಎಳೆದುಕೊಳ್ಳುತ್ತಿದ್ದ ಹಾಗೆಯೇ. ನನ್ನ ಬೆನ್ನ ಹಿಂದೆ ನೋಡುತ್ತ ಮೆಲ್ಲಗೆ ಕೇಳಿದಳು:

“ಬಂದ್ರೇನ್ರಿ?”

ನಾನು ತಿರುಗಿ ನೋಡಲಿಲ್ಲ. ಬದುವಿನ ತನಕ ಓಡಿದೆ. ಒಂದು ಚಪ್ಪಲಿಯೂ ಡಿಪ್ಲೊಮಾವೂ ಅಲ್ಲೇ ಉಳಿದವು.

ಆ ಗೊಬ್ಬರವನ್ನು ಸಾಲುಸಾಲಿಗೆ ಹಾಕಿ ಮುಂದಿನ ನಾಟಿ ಮಾಡಿದೆವು. ಹೊಲದ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಸೊರಗಿತು. ಸಮಾಧಿಯ ಸುತ್ತ ಒಂದೂ ಇಲ್ಲ. ಮೈದುನ ಬದು ಇಳಿದು ಒಳಗೆ ಬಂದ. ಅಣ್ಣನ ಸಮಾಧಿಗೆ ಕೈ ಮುಗಿದು ಹೋದ.

ಹೋದ ವರ್ಷ ದೊಡ್ಡವ್ವ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿದಳು. “ನನ್ನ ಹೂಳೋ ಕುಣಿಗೂ ಆ ಗೊಬ್ಬರ ಒಂದು ಬುಟ್ಟಿ ಹಾಕ್ಲೇ,” ಎಂದಳು. “ಕತ್ತಲಾಗ ಅವರ ಗುರುತು ಹತ್ತಬೇಕಲ್ಲ.”

ದೊಡ್ಡಪ್ಪನ ಪಕ್ಕದಲ್ಲೇ ಅವಳನ್ನು ಕೂರಿಸಿದೆವು. ಬುಟ್ಟಿ ನಾನೇ ಸುರಿದೆ, ಅತ್ತುಕೊಂಡೇ ಸುರಿದೆ.

ಮೊನ್ನೆ ಹೊಲಕ್ಕೆ ಹೋಗಿದ್ದೆ. ಈ ಸಲ ಇನ್ನೂ ಗೊಬ್ಬರ ಕಲಸಿಲ್ಲ, ತಟ್ಟು ಹೊದಿಸಿಲ್ಲ. ಆದರೂ ಎರಡು ಸಮಾಧಿಗಳ ನಡುವೆ ಕೊಬ್ಬರಿ ವಾಸನೆ ದಟ್ಟವಾಗಿತ್ತು. ಮಣ್ಣಲ್ಲಿ ಬೂಷ್ಟು ಉಳಿದಿರಬಹುದು, ಉಳಿಯುತ್ತದೆ ಎಂದು ಹೇಳಿಕೊಳ್ಳುತ್ತ ಬೇಗಬೇಗ ಬದು ಹತ್ತಿದೆ.

ಇವತ್ತು ಅಂಗಳದಲ್ಲಿ ಇದನ್ನೆಲ್ಲ ನೆನೆಯುತ್ತ ನಿಂತವನು, ಏನನಿಸಿತೋ, ಅಡುಗೆಮನೆಗೆ ವಾಪಸು ಹೋದೆ. ಬಟ್ಟಲಿನಿಂದ ಒಂದು ಕೊಬ್ಬರಿ ಚೂರು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ.

“ಇದರ ವಾಸನಿಗೇ ಓಡೋರು, ಇವತ್ತೇನಾತ್ರಿ?” ಎಂದಳು ಹೆಂಡತಿ.

“ಇರ್ಲಿ,” ಎಂದೆ. “ಮುಂದ ನಿನಗ ಗುರುತು ಹತ್ತಬೇಕಲ್ಲ.”