ನಮ್ಮ ಹಿತ್ತಲಿನ ಶಾಸನ

ಹೋದ ತಿಂಗಳು ಹಿಲ್ಸ್‌ಬರೋದ ನಮ್ಮ ಬೇಸ್‌ಮೆಂಟಿಗೆ ಮಳೆನೀರು ನುಗ್ಗಿತು. ನೆನೆದ ರಟ್ಟಿನ ಪೆಟ್ಟಿಗೆಗಳನ್ನು ಮೇಲಕ್ಕೆ ಹೊರುತ್ತಿದ್ದಾಗ ಒಂದರ ತಳ ಕಳಚಿಕೊಂಡು, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಬ್ರಷ್ ನನ್ನ ಕಾಲ ಮೇಲೆ ಬಿತ್ತು. ಅಂಗೈ ಅಗಲದ, ಬಾಗಿದ ಹಿಡಿಯ, ಹಂದಿಕೂದಲಿನ ಬ್ರಷ್. ಬೂಟು ಉಜ್ಜಲು ದೊಡ್ಡದು, ನೆಲ ಉಜ್ಜಲು ಚಿಕ್ಕದು. ಕಂಡದ್ದನ್ನೆಲ್ಲ ಕಸಕ್ಕೆ ಹಾಕುವ ಹುಮ್ಮಸ್ಸಿನಲ್ಲಿದ್ದ ನನ್ನ ಗಂಡ ಅದನ್ನು ಮಾತ್ರ ಒರೆಸಿ ಪಕ್ಕಕ್ಕಿಟ್ಟರು. ಸುತ್ತೆಲ್ಲ ಒದ್ದೆ ಕಾಗದದ ವಾಸನೆ... ಆ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ.

ನಾವು ಆಗ ಸಮರ್‌ಸೆಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಬ್ಯಾಂಕುಗಳು ಒಂದರ ಹಿಂದೊಂದು ಮಗುಚಿಕೊಂಡ ಕಾಲ. ನನ್ನ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಹೋಗಿತ್ತು. ಗಂಡ ಎಡಿಸನ್‌ನಲ್ಲಿ ರೈಲು ಹಿಡಿದು ನ್ಯೂಯಾರ್ಕಿಗೆ ಹೋಗಿ, 'ಇವತ್ತೂ ಉಳಿದೆ' ಎಂಬ ಮುಖ ಹೊತ್ತು ಸಂಜೆ ವಾಪಸಾಗುತ್ತಿದ್ದರು. ನಮ್ಮ ಗೋಡೆಗೆ ಅಂಟಿಕೊಂಡ ಟೌನ್‌ಹೌಸಿನಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ದಂಪತಿ ಇದ್ದರು. ಆಂಟಿ ಆಸ್ಪತ್ರೆಯಲ್ಲಿ ನರ್ಸ್. ಅಂಕಲ್ ಪಾದ್ರಿಯಾಗಲೆಂದು ಸೆಮಿನರಿ ಸೇರಿ, ಅಲ್ಲಿ ಗ್ರೀಕ್ ಕಲಿತು, ಪಾದ್ರಿತನ ಬಿಟ್ಟು ಗ್ರೀಕನ್ನು ಮಾತ್ರ ಹಿಡಿದುಕೊಂಡು ಅಮೆರಿಕಕ್ಕೆ ಬಂದವರು. ಒಂದು ಕಾಲೇಜಿನಲ್ಲಿ ಪಾರ್ಟ್ ಟೈಮ್ ಗ್ರೀಕ್ ಪಾಠ ಮಾಡುತ್ತಿದ್ದರು. ಹೆಂಡತಿಯೊಂದಿಗೆ ಕೊಂಕಣಿ, ನಮ್ಮೊಂದಿಗೆ ಕನ್ನಡ, ವಿದ್ಯಾರ್ಥಿಗಳೊಂದಿಗೆ ಇಂಗ್ಲಿಷ್. ನಿದ್ದೆಯಲ್ಲಿ ಮಾತ್ರ ಗ್ರೀಕ್ ಎಂದು ಆಂಟಿ ದೂರುತ್ತಿದ್ದರು. ನನ್ನ ಮಗಳು ಅವರಿಗೆ 'ಕಲ್ಲಿನ ಅಂಕಲ್' ಎಂದು ಹೆಸರಿಟ್ಟಳು. ಅದೇ ಉಳಿಯಿತು.

ಗ್ರೀಸಿನ ಉತ್ತರದ ಬೆಟ್ಟಸಾಲಿನಲ್ಲಿ ಹಿಂದೆ ಇದ್ದ ಒಂದು ಸಣ್ಣ ಜನಾಂಗದ ಮಾತೇ ಅವರ ಜೀವಮಾನದ ಕೆಲಸ. ಆ ಜನ ಕಾವ್ಯ ಬರೆದವರಲ್ಲ, ನಾಟಕ ಆಡಿದವರಲ್ಲ. ಅವರ ಮಾತು ಹೇಗಿತ್ತು ಎಂದು ತಿಳಿಯಲು ಉಳಿದಿರುವುದು ಒಂದಿಷ್ಟು ಗೋರಿಗಲ್ಲು ಮತ್ತು ಶಾಪದ ತಗಡುಗಳು. ಯಾರಿಗಾದರೂ ಕೆಟ್ಟದ್ದಾಗಲಿ ಎಂದು ಸೀಸದ ತಗಡಿನ ಮೇಲೆ ಗೀಚಿ, ಮಡಚಿ ಹೂಳುತ್ತಿದ್ದರಂತೆ. ಇದನ್ನು ಹೇಳುವಾಗ ಅಂಕಲ್ ಮುಖ ಅರಳುತ್ತಿತ್ತು.

"ರಾಜನ ಆಜ್ಞೆಯನ್ನು ದೊಡ್ಡವರ ಭಾಷೆಯಲ್ಲಿ ಕೆತ್ತಿಸ್ತಾರೆ ಮಾರಾಯ್ರೆ, ಅದ್ರಿಂದ ಎಂತ ಗೊತ್ತಾಗುದಿಲ್ಲ. ಬೈಯುವಾಗ ಮನೆ ಭಾಷೆ ಬರ್ತದೆ. ನಿಮ್ಮ ಯಜಮಾನ್ರು ಕಾರಲ್ಲಿ ಬೈಯುದು ಯಾವುದ್ರಲ್ಲಿ?"

"ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ ಅಂಕಲ್."

"ಕಂಡ್ರಾ, ಅದೇ ಎವಿಡೆನ್ಸ್!"

ನಾನು ಮೈಸೂರಿನವಳು. ಹೈವೇಯಲ್ಲಿ ಗಂಡ ಬಾಯಿ ಬಿಟ್ಟಾಗಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದವಳು, ಅವತ್ತಿನಿಂದ ಸ್ವಲ್ಪ ಗೌರವದಿಂದ ಕೇಳಿಸಿಕೊಳ್ಳತೊಡಗಿದೆ.

ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಅಂಕಲ್ ನನ್ನನ್ನು ತಮ್ಮ ಡೆಕ್‌ಗೆ ಕರೆದು, ಅಭ್ಯಾಸಕ್ಕೆಂದು ಇಟ್ಟಿದ್ದ ಕೆತ್ತಿದ ಕಲ್ಲೊಂದರ ಮೇಲೆ ಪಡಿಯಚ್ಚು ತೆಗೆಯುವುದನ್ನು ಕಲಿಸಿದರು. ಕಲ್ಲನ್ನು ತೊಳೆದು, ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ ಅದರ ಮೇಲೆ ಹಾಸಿ, ಬ್ರಷ್ಷಿನಿಂದ ತಟ್ಟುತ್ತ ಹೋಗಬೇಕು. ಕಾಗದ ಅಕ್ಷರದ ಹಳ್ಳಕ್ಕೆ ಇಳಿದು ಕೂರುತ್ತದೆ. ಒಣಗಿದ ಮೇಲೆ ಎಬ್ಬಿಸಿದರೆ ಕಲ್ಲಿನ ಮೈಯೇ ಕೈಗೆ ಬಂದಂತೆ. ಕಷ್ಟವಿರುವುದು ತಟ್ಟುವುದರಲ್ಲಲ್ಲ, ಕಾಯುವುದರಲ್ಲಿ. ನಾನು ಪ್ರತಿಸಲ ಬೇಗ ಎಬ್ಬಿಸಲು ಹೋಗಿ ಮೂಲೆ ಹರಿಯುತ್ತಿದ್ದೆ.

"ಅವಸರ ಮಾಡ್ಬೇಡಿ. ಅದು ಬಿಡುವಾಗ ಅದೇ ಬಿಡ್ತದೆ," ಎನ್ನುತ್ತಿದ್ದರು. ಅವರ ದನಿ ಏರಿದ್ದು ನನಗೆ ನೆನಪಿಲ್ಲ.

ಆ ವರ್ಷ ಅವರ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. ಆ ಬೆಟ್ಟದ ಜನರ ಮಾತಿನ ಬಗ್ಗೆ ಅಷ್ಟು ದೊಡ್ಡ ಪುಸ್ತಕ ಅದೇ ಮೊದಲನೆಯದಂತೆ. ಕಾಲೇಜಿನಲ್ಲಿ ಖರ್ಚು ಕಡಿಮೆ ಮಾಡಲು ಒಂದೊಂದೇ ಪಾಠ ನಿಲ್ಲಿಸುತ್ತಿದ್ದರು. ಪುಸ್ತಕ ಬಂದರೆ ಗ್ರೀಕ್ ತರಗತಿಯನ್ನೂ ಅವರನ್ನೂ ಉಳಿಸಿಕೊಳ್ಳಬಹುದು ಎಂದು ವಿಭಾಗದ ಮುಖ್ಯಸ್ಥೆ ಬಾಯಿಬಿಟ್ಟೇ ಹೇಳಿದ್ದರು. ಅಂಕಲ್‌ಗೆ ಅರವತ್ತು ದಾಟಿತ್ತು. ಬೇರೆಲ್ಲೂ ಯಾರೂ ತಮ್ಮನ್ನು ತೆಗೆದುಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಪಾಠ ಮಾಡದ ಅಂಕಲ್‌ರನ್ನು ಕಲ್ಪಿಸಿಕೊಳ್ಳುವುದು ನಮಗೂ ಸಾಧ್ಯವಿರಲಿಲ್ಲ.

ಇಡೀ ಪುಸ್ತಕ ಒಂದು ಕಲ್ಲಿನ ಮೇಲೆ ನಿಂತಿತ್ತು. ಸತ್ತ ಮಗಳಿಗೆ ತಂದೆಯೊಬ್ಬ ನೆಡಿಸಿದ ಗೋರಿಗಲ್ಲು. ಮಿಕ್ಕ ಕಲ್ಲುಗಳಲ್ಲಿ ಬರೀ ಹೆಸರು, ತಗಡುಗಳಲ್ಲಿ ತುಂಡು ಮಾತು. ಇದೊಂದರಲ್ಲಿ ಮಾತ್ರ ಅವನು ಮಗಳೊಂದಿಗೆ ಮನೆಯಲ್ಲಿ ಮಾತಾಡಿದಂತೆ ಉದ್ದಕ್ಕೆ ಮಾತಾಡಿದ್ದ. ಅದರ ಪಡಿಯಚ್ಚನ್ನು ಅಂಕಲ್ ನನಗೆ ಒಮ್ಮೆ ಓದಿ ಹೇಳಿದ್ದರು. ಅರ್ಧಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು...

ಆ ಬೇಸಿಗೆ ಕೆಲಸದವರು ನಮ್ಮ ಹಿತ್ತಲಿಗೆ ಹೊಸ ಕಾಂಕ್ರೀಟ್ ಹಾಕಿ ಹೋದರು. ಅದು ಒಣಗುವ ಮುಂಚೆ ನಾನೂ ಮಗಳೂ ಕಡ್ಡಿ ಹಿಡಿದು 'ಇದು ನಮ್ಮ ಮನೆ' ಎಂದು ಗೀಚಿದೆವು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತ ಅಕ್ಷರ, ಒಂದು ಆನೆಯಷ್ಟಗಲ, ಒಂದು ಇರುವೆಯಷ್ಟು. ಬಾಡಿಗೆ ಮನೆಗೆ ನಮ್ಮದೆಂದು ಬರೆದ ಧೈರ್ಯಕ್ಕೆ ಗಂಡ ಹಣೆ ಚಚ್ಚಿಕೊಂಡರು. ಅಂಕಲ್ ಮಾತ್ರ ಅದು ಗಟ್ಟಿಯಾದ ಮೇಲೆ ಬ್ರಷ್ಷು, ಬಕೆಟ್ಟು, ಕಾಗದ ಎಲ್ಲ ತಂದು, ದೊಡ್ಡ ಸಂಶೋಧನೆಯ ಗತ್ತಿನಲ್ಲಿ ಮಂಡಿಯೂರಿ, ಮಗಳಿಗಾಗಿ ಅದರ ಪಡಿಯಚ್ಚು ತೆಗೆದರು.

"ಅಂಕಲ್, ಆರ್ ವೀ ಫೇಮಸ್ ನೌ?" ಎಂದಳು ಮಗಳು.

"ಮತ್ತೆ! ಎರಡು ಸಾವಿರ ವರ್ಷ ಆದ ಮೇಲೆ ಇದೊಂದೇ ಕಲ್ಲು ಉಳಿದ್ರೆ, ಸಮರ್‌ಸೆಟ್ಟಿನವರ ಮಾತೃಭಾಷೆ ಕನ್ನಡ ಅಂತ ಯಾರಾದ್ರೂ ದಪ್ಪ ಪುಸ್ತಕ ಬರೀತಾರೆ."

ಎಲ್ಲರೂ ನಕ್ಕೆವು. ಆಂಟಿಯ ಕೈಯಲ್ಲಿದ್ದ ಟೀ ತುಳುಕಿತು. ನಗು ಮುಗಿದಾಗ ಅಂಕಲ್ ನಗುತ್ತಿರಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು. ಆಮೇಲೆ ಬ್ರಷ್ಷನ್ನು ನಮ್ಮ ಹಿತ್ತಲಲ್ಲೇ ಬಿಟ್ಟು ಒಳಗೆ ಹೋದರು.

ಒಂದು ವಾರ ಅವರು ಹೊರಗೆ ಕಾಣಿಸಲಿಲ್ಲ. ಬ್ರಷ್ ಕೊಡುವ ನೆಪದಲ್ಲಿ ನಾನೇ ಹೋದೆ. ಊಟದ ಮೇಜಿನ ಮೇಲೆ ಆ ಗೋರಿಗಲ್ಲಿನ ಪಡಿಯಚ್ಚು ಹರಡಿತ್ತು.

"ಈ ಅಪ್ಪನ ಹೆಸರು ಆ ಬೆಟ್ಟದಲ್ಲಿ ಬೇರೆ ಒಂದು ಕಲ್ಲಲ್ಲೂ ಇಲ್ಲ," ಎಂದರು. "ಸಮುದ್ರದ ಆಚೆ ರಾಶಿ ಉಂಟು. ಇದು ನಂಗೆ ಮೊದಲೇ ಗೊತ್ತಿತ್ತು. ಫ್ಯಾಷನ್ನಿಗೆ ಇಟ್ಟ ಹೆಸರು ಅಂತ ಪುಟದ ಕೆಳಗೆ ಸಣ್ಣಕ್ಕೆ ಬರ್ದು ದಾಟಿಸಿದ್ದೆ. ನಿಮ್ಮ ಸಿಮೆಂಟ್ ಕಂಡ ಮೇಲೆ ಅದನ್ನು ಓದ್ಲಿಕ್ಕೆ ನಾಚಿಕೆ ಆಗ್ತದೆ. ಇವ ನಮ್ಮ ಹಾಗೆ. ಹೊಟ್ಟೆಪಾಡಿಗೆ ಬಂದವ. ಮಗಳು ಇಲ್ಲಿ ತೀರಿಹೋದ್ಳು, ಊರಿನ ಭಾಷೆಯಲ್ಲಿ ಅತ್ತ. ನಾನು ಅವನ ಅಳುವನ್ನು ಬೇರೆಯವರ ಲೆಕ್ಕಕ್ಕೆ ಬರ್ದುಬಿಟ್ಟೆ."

ನನಗೆ ಸಿಟ್ಟೇ ಬಂತು. "ಖಂಡಿತಾ ಹಾಗೇ ಅಂತ ಹೇಳಕ್ಕಾಗತ್ತಾ ಅಂಕಲ್? ಈ ವರ್ಷ ಪುಸ್ತಕ ಬರಲಿ. ಅನುಮಾನ ಇದ್ರೆ ಮುಂದೆ ತಿದ್ದಿದ್ರಾಯ್ತು. ಕೆಲಸ ಹೋದ್ರೆ ಹೇಗಿರತ್ತೆ ಅಂತ ನನ್ನನ್ನ ಕೇಳಿ."

"ಖಂಡಿತಾ ಅಂತ ನಾನೂ ಹೇಳುದಿಲ್ಲ. ಖಂಡಿತಾ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅನ್ನುದೇ ವಿಷಯ. ಪುಸ್ತಕದಲ್ಲಿ ಖಂಡಿತಾ ಅಂತ ಉಂಟಲ್ಲ!"

ನಾನು ಸಹಾಯಕ್ಕಾಗಿ ಆಂಟಿಯ ಕಡೆ ನೋಡಿದೆ. ಡ್ಯೂಟಿ ಮುಗಿಸಿ ಬಂದು ಇನ್ನೂ ಬೂಟು ಬಿಚ್ಚದೆ ಕೂತಿದ್ದ ಅವರಿಗೆ, ಇನ್ನು ಮುಂದೆ ಆ ಮನೆ ತಮ್ಮೊಬ್ಬರ ಸಂಬಳದ ಮೇಲೆ ನಡೆಯಬೇಕು ಎಂದು ಗೊತ್ತಿತ್ತು. "ಅವ್ರು ಹಾಗೆಯೇ. ಸೆಮಿನರಿ ಬಿಟ್ಟದ್ದೂ ಹೀಗೆಯೇ," ಎಂದರು. "ಅಕ್ಕಿ ರೊಟ್ಟಿ ಉಂಟು, ಮಗಳನ್ನೂ ಕರೀರಿ."

ಅಂಕಲ್ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡರು. ಆ ವರ್ಷದ ಕೊನೆಗೆ ಗ್ರೀಕ್ ತರಗತಿ ನಿಂತಿತು, ಅವರ ಕೆಲಸವೂ ಹೋಯಿತು. ಪುಸ್ತಕದ ಬದಲು ಅವರು ಒಂದು ಸಣ್ಣ ಲೇಖನ ಪ್ರಕಟಿಸಿದರು. ಆ ಕಲ್ಲು ಬೆಟ್ಟದವರದಲ್ಲ, ಹೊರಗಿನಿಂದ ಬಂದವರದಿರಬೇಕು, ಇಷ್ಟು ದಿನ ತಪ್ಪಾಗಿ ಓದಿದವನು ನಾನೇ ಎಂದು ಅದರಲ್ಲಿ ನೇರವಾಗಿ ಬರೆದಿದ್ದರಂತೆ. ಕೆಲಸ ಉಳಿಸಿಕೊಳ್ಳಲು ಊರಿಗೆ ಊರೇ ಹಲ್ಲು ಕಚ್ಚಿಕೊಂಡು ಕೂತಿದ್ದ ಆ ದಿನಗಳಲ್ಲಿ, ಎಂದೋ ಸತ್ತ ಒಬ್ಬ ಅಪ್ಪನಿಗಾಗಿ ತಮ್ಮದನ್ನು ಬಿಟ್ಟುಕೊಟ್ಟವರನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಆಗ ಹುಚ್ಚು ಅನ್ನಿಸಿತ್ತು. ಈಗ ಅವರನ್ನು ನೆನೆದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಆಮೇಲೂ ಅವರು ಡೆಕ್‌ನಲ್ಲಿ ಕೂತು, ಉಳಿದ ಬರೀ ಹೆಸರುಗಳನ್ನೂ ಬೈಗುಳಗಳನ್ನೂ ಇಟ್ಟುಕೊಂಡು ಮೊದಲಿನಿಂದ ಶುರುಮಾಡಿದರು. ನಾವು ಹಿಲ್ಸ್‌ಬರೋಗೆ ಮನೆ ಬದಲಾಯಿಸಿದಾಗ ಬ್ರಷ್ಷನ್ನು ನನ್ನ ಕೈಗಿಟ್ಟು, "ನಂಗೆ ಇನ್ನೊಂದು ಉಂಟು," ಎಂದರು. ಇರಲಿಲ್ಲ ಎಂದು ಆಂಟಿ ಆಮೇಲೆ ಹೇಳಿದರು.

ಅವರು ಹೋಗಿ ಕೆಲವು ವರ್ಷಗಳಾದವು. ಹೊಸ ಪುಸ್ತಕ ಮುಗಿಯಲಿಲ್ಲ. ಮಣ್ಣು ಮಾಡುವ ದಿನ ನಾನು ಹೋಗಿದ್ದೆ, ಆಗ ಕಲ್ಲು ಇನ್ನೂ ನಿಲ್ಲಿಸಿರಲಿಲ್ಲ. ಆಮೇಲೆ ಹೋಗಲು ಮನಸ್ಸೇ ಬರಲಿಲ್ಲ...

ಬ್ರಷ್ ಸಿಕ್ಕಿದ ವಾರ ಆಂಟಿಗೆ ಫೋನ್ ಮಾಡಿ, ಅಂಕಲ್‌ರ ಕಲ್ಲಿನ ಪಡಿಯಚ್ಚು ತೆಗೆಯಬಹುದಾ ಎಂದು ಕೇಳಿದೆ. "ಅವ್ರು ನೀವು ಕೇಳ್ಲಿ ಅಂತ್ಲೇ ಕಾಯ್ತಿದ್ರೋ ಏನೋ," ಎಂದರು.

ಮಗಳು ಡ್ರೈವ್ ಮಾಡಿದಳು. ಸಾಲು ಸಾಲು ಇಂಗ್ಲಿಷ್ ಕಲ್ಲುಗಳ ನಡುವೆ ಅದೊಂದರಲ್ಲಿ, ಹೆಸರಿನ ಕೆಳಗೆ ದುಂಡನೆಯ ಕನ್ನಡ. ಏನು ಕೆತ್ತಬೇಕೆಂದು ಅವರೇ ಬರೆದಿಟ್ಟು ಹೋಗಿದ್ದರಂತೆ. ಮಗಳು ಬೆರಳಿಟ್ಟು, ತಡವರಿಸುತ್ತ ಜೋರಾಗಿ ಓದಿದಳು:

'ಮಂಗಳೂರಿನ ಕಡೆಯಿಂದ ಬಂದವನು. ಮನೆಮಾತು ಕೊಂಕಣಿ. ಇದು ಕನ್ನಡ. ಇಲ್ಲಿಯವರದು ಇಂಗ್ಲಿಷ್.'

ನನಗೆ ನಗು ಬಂತು. ನಗುತ್ತಿದ್ದಂತೆ ಅಳುವೂ ಬಂತು. ಎರಡು ಸಾವಿರ ವರ್ಷದ ಆಚೆ ಯಾವನೋ ಮಂಡಿಯೂರಿ ಓದುವವನು ತಮ್ಮಂತೆ ಮೋಸಹೋಗಬಾರದು ಎಂದು ಅವನಿಗೊಂದು ಮಾತು ಹೇಳಿ ಹೋಗಿದ್ದರು. ಬಕೆಟ್ಟಿನಲ್ಲಿ ಕಾಗದ ನೆನೆಸಿ, ಕಲ್ಲಿಗೆ ಹಾಸಿ, ಅವರು ಕಲಿಸಿದಂತೆ ನಡುವಿನಿಂದ ಅಂಚಿಗೆ ತಟ್ಟುತ್ತ ಹೋದೆ. ಒಂದೊಂದೇ ಅಕ್ಷರ ಕಾಗದದ ಅಡಿಯಿಂದ ಎದ್ದು ಬಂತು. ಆಮೇಲೆ ನಾನೂ ಮಗಳೂ ಪಕ್ಕದ ಹುಲ್ಲಿನ ಮೇಲೆ ಕೂತೆವು. ಸುತ್ತೆಲ್ಲ ಅದೇ ಒದ್ದೆ ಕಾಗದದ ವಾಸನೆ. ಎರಡು ಸಲ ನನ್ನ ಕೈ ಕಾಗದದ ಮೂಲೆಗೆ ಹೋಯಿತು. ಅವಸರ ಮಾಡಬೇಡಿ ಎನ್ನಲು ಯಾರೂ ಇರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, ಅದಾಗಿ ಅದು ಬಿಡುವವರೆಗೂ ಕಾದೆ.