ಅದಲುಬದಲು ಮಾಡಿಸುವ ಚಂಪೂನುತ್ ಮೇಡಂ
ಥಾಯ್ಲೆಂಡಿನ ಹಾತ್ ಯಾಯ್ ಊರಿನ ಪಾಲಿಮರ್ ಪ್ರಯೋಗಾಲಯದ ಚಂಪೂನುತ್ ಮೇಡಂ ಬಾಯಿಂದ ಹೆಚ್ಚುಕಮ್ಮಿ ಸೇರಿಸದ ಒಂಟಿ ಅಂಕಿ ಬಂದದ್ದನ್ನು ಯಾರೂ ಕೇಳಿದವರಿಲ್ಲ, ಹಸಿ ಪಪ್ಪಾಯಿ ಕೋಸಂಬರಿಯವಳು "ಎಷ್ಟು ಮೆಣಸಿನಕಾಯಿ ಕುಟ್ಲಿ ಮೇಡಂ?" ಎಂದರೂ "ಮೂರು, ಒಂದು ಹೆಚ್ಚುಕಮ್ಮಿ" ಎನ್ನುತ್ತಾರೆ. ಎರಡು ಬಗೆಯ ಅಣುಗಳು ಸೇರಿ ಸರಪಳಿ ಕಟ್ಟುವಾಗ ಯಾವುದು ತನ್ನವರನ್ನೇ ಹುಡುಕುತ್ತದೆ, ಯಾವುದು ಪರರ ಕೈ ಹಿಡಿಯುತ್ತದೆ ಎಂದು ಅಂದಾಜು ಹಾಕುವುದು ಅವರ ಕಸುಬು. ಹುಡುಗರು ಗ್ರಾಫ್ ಹಾಳೆಯ ಚುಕ್ಕೆಗಳ ನಡುವೆ ನೆಟ್ಟಗೆ ಗೆರೆ ಎಳೆದು ಉತ್ತರ ತಂದರೋ, ಮೇಡಂ ಶುರು: "ಈಗ ಒಂದನೇ ಅಣೂನ ಎರಡನೇದು, ಎರಡನೇದನ್ನ ಒಂದನೇದು ಅಂತ ಕರೆದು ಮತ್ತೆ ಲೆಕ್ಕ ಹಾಕ್ರಪ್ಪ. ಉತ್ತರ ಬದಲಾದ್ರೆ ಮಾತಾಡಿದ್ದು ಅಣು ಅಲ್ಲ, ನಿಮ್ಮ ಗೆರೆ!" ಉತ್ತರ ಬದಲಾಗುತ್ತದೆ, ಹುಡುಗರ ಮುಖ ಹುಳ್ಳಗಾಗುತ್ತದೆ, ಮೇಡಂ ಹಿಗ್ಗಿ ಎಲ್ಲರಿಗೂ ಐಸ್ ಟೀ ತರಿಸುತ್ತಾರೆ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಕಲ್ಲೊರಳನ್ನು ಹೇಳದೆ ಕೇಳದೆ ಹೊತ್ತೊಯ್ದ ಅಕ್ಕನ ಕಥೆಯನ್ನೂ ಅವರು ಅಷ್ಟೇ ಹುರುಪಿನಿಂದ ಹೇಳುತ್ತಿದ್ದರು. ಮೊನ್ನೆ ಅದನ್ನು ಕೇಳಿ ಕೇಳಿ ಸಾಕಾದ ದಾರಿಕಾ ಎಂಬ ವಿದ್ಯಾರ್ಥಿನಿ, "ಮೇಡಂ, ಅಕ್ಕ ನೀವು, ತಂಗಿ ಅವರು ಅಂದ್ಕೊಂಡು ಒಂದ್ಸಲ ಲೆಕ್ಕ ಹಾಕಿ ನೋಡಿ" ಎಂದುಬಿಟ್ಟಳು. ಎಲ್ಲರೂ ನಕ್ಕರು, ಮೇಡಂ ನಗಲಿಲ್ಲ. ಅಮ್ಮನ ಜೊತೆಗೇ ಇದ್ದು ದಿನಾ ಆ ಒರಳಲ್ಲಿ ಕುಟ್ಟಿ ಉಣಿಸಿದವಳು ತಾನು, ಹಬ್ಬಕ್ಕೆ ಬಂದು ಉಂಡು ಹೋಗುತ್ತಿದ್ದವಳು ಅಕ್ಕ ಎಂದು, ಇದ್ದದ್ದನ್ನು ಅದಲುಬದಲು ಮಾಡಿ ನೋಡಿದರು. ಕೈಯಲ್ಲಿದ್ದ ಟೀಯ ಐಸೆಲ್ಲ ಕರಗಿಹೋಯಿತು. ಆಮೇಲೆ ಫೋನ್ ಎತ್ತಿ, "ಅಕ್ಕಾ, ಒರಳು ನಿನ್ಹತ್ರಾನೇ ಇರ್ಲಿ. ಶನಿವಾರ ಊಟಕ್ಕೆ ಬರ್ತೀನಿ" ಎಂದರು. ಎಷ್ಟು ಹೊತ್ತಿಗೆ ಎಂದು ಅಕ್ಕ ಕೇಳಿರಬೇಕು. "ಹನ್ನೆರಡಕ್ಕೆ" ಎಂದರು ಮೇಡಂ, ಹೆಚ್ಚುಕಮ್ಮಿ ಸೇರಿಸಲಿಲ್ಲ.