ಇಬ್ಬರ ಗೋಡೆಗೆ ಒಂದು ಪ್ಲಗ್ಗು

ಇಟ್ಟಿಗೆ ಕಾದು ಸೀದ ಧೂಳಿನ ವಾಸನೆ ಮೂಗಿಗೆ ಬಡಿದಾಗ ಊರಲ್ಲಿ ಕರೆಂಟಿನ ಕೆಲಸ ಮಾಡುತ್ತಿದ್ದ ವೈರಿಂಗ್ ಚಾಚಾ ನೆನಪಾದರು. ಹೋದ ವಾರ ಅಫಜಲಪುರದ ನಮ್ಮ ಮನೆಗೆ ಹೊಸ ಪ್ಲಗ್ಗು ಕೂರಿಸಲು ಬಂದ ಎಲೆಕ್ಟ್ರಿಷಿಯನ್, ಕಟರ್ ಹಿಡಿದು ಹತ್ತೇ ನಿಮಿಷದಲ್ಲಿ ಗೋಡೆ ಸೀಳಿ, ಪೈಪಿನೊಳಗೆ ವೈರು ಎಳೆದ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಕೆಲಸಕ್ಕೆ ಚಾಚಾ ಇಡೀ ದಿನ ತೆಗೆದುಕೊಂಡಿದ್ದರು. ಅದರಲ್ಲಿ ಅರ್ಧ ದಿನ ಉಳಿಯನ್ನು ಮುಟ್ಟಿರಲೇ ಇಲ್ಲ...

ಆಗ ಅವ್ವನಿಗೆ ದಮ್ಮು ಹೆಚ್ಚಾಗಿತ್ತು. ಔಷಧದ ಹಬೆ ಕೊಡುವ ಯಂತ್ರಕ್ಕೆ ಪ್ಲಗ್ಗಿದ್ದದ್ದು ಪಡಸಾಲೆಯಲ್ಲಿ ಮಾತ್ರ. ಒಳಗಿನ ಮಂಚದಿಂದ ಅಲ್ಲಿಗೆ ಹೊತ್ತು ತರುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟುತ್ತಿತ್ತು. ಎಕ್ಸ್‌ಟೆನ್ಷನ್ ವೈರು ಒಮ್ಮೆ ಸುಟ್ಟು ಹೊಗೆಯಾಡಿದ ಮೇಲೆ ಅದನ್ನು ನಂಬುವ ಧೈರ್ಯವಿರಲಿಲ್ಲ. ಮಂಚದ ಪಕ್ಕದಲ್ಲೇ ಪ್ಲಗ್ಗು ಬೇಕಿತ್ತು.

ಆ ಗೋಡೆಯ ಆಚೆ ಕಾಕಾನ ಮನೆ. ಅಪ್ಪ ಮತ್ತು ಅವನ ತಮ್ಮ ಬೇರೆಯಾದಾಗ ಒಂದೇ ಮನೆಯ ನಡುವೆ ಎಬ್ಬಿಸಿದ ಇಟ್ಟಿಗೆ ಗೋಡೆ ಅದು. ಅಪ್ಪ ಹೋದ ಮೇಲೂ ಎರಡು ಮನೆಗೆ ಮಾತಿರಲಿಲ್ಲ.

ಚಾಚಾ ಬೆರಳಿನಿಂದ ಗೋಡೆ ತಟ್ಟಿ ನೋಡಿ, ಸಾಮಾನಿನ ಚೀಲ ಕೆಳಗಿಟ್ಟರು.

"ಅತ್ತಾಗ ಕೇಳಿಯೇನು, ತಮ್ಮಾ?"

"ನಮ್ಮ ಮನಿ ಕೆಲಸಕ್ಕ ಅವರನ್ಯಾಕ ಕೇಳೂದ್ರಿ?"

"ಗೋಡಿ ಇಬ್ಬರದೈತಿ. ಕೇಳದ ನಾ ಉಳಿ ಹಚ್ಚಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಅವ್ವನ ಜೀವ ಹೋಗುತ್ತಿದೆ, ಇವರದೊಂದು ದೊಡ್ಡ ನ್ಯಾಯ ಎಂದೆ. ಇನ್ನೂ ಕೆಲವು ಮಾತು ಆಡಿದೆ, ಅವನ್ನು ಇಲ್ಲಿ ಬರೆಯಲಾರೆ. ಅವರು ಚಪ್ಪಲಿ ಮೆಟ್ಟಿ ಕಾಕಾನ ಬಾಗಿಲಿಗೆ ಹೋದರು. ಒಂದು ತಾಸಾಯಿತು, ಎರಡಾಯಿತು... ಕೆಲಸಗಳ್ಳನಿಗೆ ನೆಪ ಸಿಕ್ಕಿತು ಎಂದುಕೊಂಡೆ. ಗೋಡೆ ಅದುರಿದಾಗ ಬೀಳಬಾರದೆಂದು ಅತ್ತ ಕಡೆಯ ಹಲಗೆ ಮೇಲಿದ್ದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಅವರು ಕಾಕಾನ ಜೊತೆ ಸೇರಿ ಇಳಿಸುತ್ತಿದ್ದರೆಂದು ಗೊತ್ತಾದದ್ದು ಆಮೇಲೆ.

ಮಧ್ಯಾಹ್ನ ತಿರುಗಿ ಬಂದಾಗ ಚಾಚಾ ಒಬ್ಬರೇ ಇರಲಿಲ್ಲ. ಹಿಂದೆ ಕಾಕಾ ಇದ್ದ. ಎಷ್ಟೋ ವರ್ಷದ ಮೇಲೆ ನಮ್ಮ ಹೊಸ್ತಿಲು ದಾಟಿ ಮಂಚದ ಹತ್ತಿರ ಬಂದವನು, ಅವ್ವನ ಮುಖ ನೋಡಿ ನಿಂತೇಬಿಟ್ಟ.

"ವೈನಿ, ಇಷ್ಟು ದಮ್ಮು ಐತಂತ ನನಗ ಯಾರೂ ಹೇಳಲೇ ಇಲ್ಲಲ್ರಿ."

ಅವ್ವ ಅತ್ತಳು. ಹೇಳದೇ ಇದ್ದವನು ನಾನೇ. ಅವಳು ಎರಡು ಸಲ ಕೇಳಿಕೊಂಡಿದ್ದರೂ ಹೇಳಿರಲಿಲ್ಲ. ಚಾಚಾ ಏನೂ ಕೇಳಿಸದವರಂತೆ ಗೋಡೆಗೆ ಉಳಿ ಹಚ್ಚಿದರು.

ದೀಪ ಹಚ್ಚುವ ಹೊತ್ತಿಗೆ ಪ್ಲಗ್ಗು ಕೂತಿತ್ತು. ಅವ್ವ ಇನ್ನೂ ಎಂಟು ತಿಂಗಳು ಬದುಕಿದಳು. ಸಂಜೆಯ ಹೊತ್ತು ಯಂತ್ರದ ಸ್ವಿಚ್ಚು ಹಾಕುವುದು ಕಾಕಾನ ಕೆಲಸವಾಗಿತ್ತು. ನನ್ನ ಕೈಗೆ ಬಿಡುತ್ತಿರಲಿಲ್ಲ.

ಹೋದ ವಾರ ಬಂದ ಎಲೆಕ್ಟ್ರಿಷಿಯನ್‌ನನ್ನು ಚಾಚಾನ ಬಗ್ಗೆ ವಿಚಾರಿಸಿದೆ.

"ಅವರು ತೀರಿಕೊಂಡು ವರ್ಷಾತಲ್ರಿ," ಎಂದು ಅವನು ಧೂಳು ಗುಡಿಸತೊಡಗಿದ.

ಅಂದು ಆಡಿದ ಮಾತಿಗೆ ತಪ್ಪಾಯಿತೆಂದು ಎಂದಾದರೂ ಹೋಗಿ ಹೇಳಬೇಕೆಂದಿದ್ದೆ. ಅವರ ಮನೆ ಇದ್ದದ್ದು ಎರಡೇ ಓಣಿ ಆಚೆ.